ಉದ್ಗಾರದ ದೇವರುಗಳು: ಪಟ್ಟಿ ಎಲ್ಲಿಗೆ ಬಂತು

ಮಾತಿನ ನಡುವೆ ಸುಮ್ನೆ ಬಂದು ಹೋಗುವ ದೇವರ ಹೆಸರುಗಳನ್ನು ಬರೆದಿಡುವ ಕೆಲಸ ಈ ಮಳೆಗಾಲದಲ್ಲಿ ಚೆನ್ನಾಗಿ ಸಾಗಿದೆ. ಪೂಜೆ, ಭಜನೆಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಬೆರಗು, ಬೇಸರ, ಸಿಟ್ಟು, ಗೇಲಿಯಲ್ಲಿ ಬಾಯಿಂದ ಜಾರಿದ್ದು ಮಾತ್ರ ಬೇಕು. ಯಾರು ಅಂದರು ಅಂತ ಬರೆಯುವುದಿಲ್ಲ, ಯಾವುದಕ್ಕೆ ಅಂದರು ಅಂತ ಬರೆಯುತ್ತೇನೆ.

ಹೆಚ್ಚು ಸಿಕ್ಕಿದ್ದು ಕಾರವಾರದ ಮೀನು ಪೇಟೆಯಲ್ಲಿ. ಜೂನ್, ಜುಲೈಯಲ್ಲಿ ಟ್ರಾಲರ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ರೇಟು ಕೇಳಿದವರ ಬಾಯಲ್ಲಿ ದೇವರು ಬಂದೇ ಬರ್ತಾನೆ. ಬಂಗಡೆ ಹಿಡಿದು ನೋಡಿದ ಗಿರಾಕಿಯೊಬ್ಬರು ಬೆಲೆ ಕೇಳಿದ್ದೇ "ಶಿವಾ ಶಿವಾ!" ಅಂದರು. ಚೌಕಾಸಿ ನಡೆಯಿತು, ಮಾರುವವಳು ಜಗ್ಗಲಿಲ್ಲ. "ರಾಮ ರಾಮಾ..." ಅಂತ ಉದ್ದಕ್ಕೆ ಎಳೆದು ದುಡ್ಡು ತೆಗೆದರು. ನನ್ನ ಪಟ್ಟಿಯಲ್ಲಿ ಶಿವ ಬೆರಗಿಗೆ, ರಾಮ ಸೋಲಿಗೆ.

ಶಿರಸಿ ಕಡೆ ಗೋವಿಂದನೇ ಜಾಸ್ತಿ. ಕೊಳೆ ರೋಗ ಬಂದ ತೋಟದ ಮಾತೆತ್ತಿದರೆ ಸಾಕು, "ಅರ್ಧ ಅಡಿಕೆ ಗೋವಿಂದ!" ಹೆಣ ಒಯ್ಯುವಾಗ ಗೋವಿಂದನನ್ನು ಕೂಗುವ ರೂಢಿ ಹಲವು ಕಡೆ ಇದೆ. 'ಕೈಬಿಟ್ಟು ಹೋಯ್ತು' ಅನ್ನುವ ಅರ್ಥ ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತದೆ. 'ಕೃಷ್ಣಾರ್ಪಣ'ದ ಮೂಲ ಹುಡುಕಬೇಕಾಗಿಯೇ ಇಲ್ಲ. ಪೂಜೆಯ ಕೊನೆಗೆ ಕೃಷ್ಣಾರ್ಪಣ ಅಂತ ನೀರು ಬಿಡುತ್ತಾರೆ, ಬಾರದ ಸಾಲಕ್ಕೂ ಅದನ್ನೇ ಅನ್ನುತ್ತಾರೆ. ದುಡ್ಡು 'ಸ್ವಾಹಾ' ಆಯ್ತು ಅನ್ನುವವರು ಅಗ್ನಿಯ ಹೆಂಡತಿಯ ಹೆಸರು ಹೇಳುತ್ತಿದ್ದಾರೆ!

ಇದರ ಪಕ್ಕದಲ್ಲಿ ಇಂಗ್ಲಿಷ್ ಪದಗಳನ್ನು ಇಟ್ಟು ನೋಡಿದೆ. ಅಲ್ಲಿ ಕಥೆ ಪೂರ್ತಿ ಉಲ್ಟಾ. 'ಗಾಶ್' ಅಂದರೆ ವೇಷ ಹಾಕಿದ ಗಾಡ್. 'ಜೀ' ಅಂದರೆ ಅರ್ಧಕ್ಕೆ ನುಂಗಿದ ಜೀಸಸ್. 'ಝೌಂಡ್ಸ್' ಅನ್ನುವುದು 'ದೇವರ ಗಾಯಗಳಾಣೆ' ಅನ್ನುವ ಹಳೇ ಆಣೆಯ ಚೂರು. ಫ್ರೆಂಚರ 'ಪಾರ್‌ಬ್ಲೂ'ದಲ್ಲಿ ದೇವರ ಜಾಗಕ್ಕೆ ನೀಲಿ ಬಣ್ಣ ಬಂದು ಕೂತಿದೆ. ದೇವರ ಹೆಸರನ್ನು ಸುಮ್ಮಸುಮ್ನೆ ಎತ್ತಬಾರದು ಅನ್ನುವುದು ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಒಂದು. 1606ರಲ್ಲಿ ಇಂಗ್ಲೆಂಡ್ ಕಾನೂನನ್ನೇ ಮಾಡಿತು: ನಾಟಕದಲ್ಲಿ ತಮಾಷೆಗೆ ದೇವರ ಹೆಸರು ಎತ್ತಿದರೆ 10 ಪೌಂಡ್ ದಂಡ.

ನಮ್ಮಲ್ಲಿ ಹೆಸರು ಮುಚ್ಚಿಡುವ ಗರಜೇ ಬೀಳಲಿಲ್ಲ. ಭಾಗವತದ ಆರನೇ ಸ್ಕಂಧದಲ್ಲಿ ಅಜಾಮಿಳ ಸಾಯುವಾಗ ಕರೆದದ್ದು ಮಗ ನಾರಾಯಣನನ್ನು. ಆದರೂ ವಿಷ್ಣುದೂತರು ಬಂದು ಯಮದೂತರನ್ನು ತಡೆದರು. ಹೆಸರನ್ನು ಬೇರೆಯವರಿಗೆ ಇಟ್ಟು ಕರೆದರೂ, ತಮಾಷೆಗೆ ಅಂದರೂ, ಹಾಡಿನ ನಡುವೆ ತುಂಬಿದರೂ, ತಾತ್ಸಾರಕ್ಕೆ ಅಂದರೂ ಪಾಪ ಹೋಗುತ್ತದೆ ಅಂತ ಅಲ್ಲೇ ಶ್ಲೋಕವಿದೆ. ಅಂದಮೇಲೆ ಬಂಗಡೆ ರೇಟಿಗೆ ಶಿವ ಅಂದರೆ ನಷ್ಟವೇನು? ದಂಡ ಹಾಕುವವರಿಲ್ಲ, ಹಾಗಾಗಿ ಹೆಸರು ಸವೆಯದೆ ಇಡಿಯಾಗಿ ಉಳಿಯಿತು. ಈ ಕೆಲಸದಲ್ಲಿ ಇಲ್ಲಿವರೆಗೆ ನನಗೆ ಸಿಕ್ಕ ಒಳ್ಳೆ ವಿಷಯ ಇದೇ.

ಗೋವಾ ಗಡಿಯ ಕೊಂಕಣಿಗೆ ಈಗಷ್ಟೇ ಕೈ ಹಾಕಿದ್ದೇನೆ. ಅಲ್ಲಿನ ಕ್ರೈಸ್ತರ 'ಸಾಯ್ಬಾ ಭೊಗೋಸ್' ಅಂದರೆ 'ಒಡೆಯಾ, ಕ್ಷಮಿಸು'. ಅದರ ಸಾಯ್ಬ್ ಅರಬ್ಬಿಯ ಸಾಹೇಬ. ಹಳೇ ಗೋವಾದಲ್ಲಿ ದೇಹ ಇಟ್ಟಿರುವ ಸಂತ ಫ್ರಾನ್ಸಿಸ್ ಝೇವಿಯರರನ್ನೂ 'ಗೋಂಯ್ಚೊ ಸಾಯ್ಬ್' ಅನ್ನುತ್ತಾರೆ. ಮುಸ್ಲಿಮರ 'ತೌಬಾ ತೌಬಾ'ವನ್ನು ಬೇರೆ ಹಾಳೆಗೆ ಹಾಕಿದೆ. ಅದು ದೇವರ ಹೆಸರಲ್ಲ, ಪಶ್ಚಾತ್ತಾಪ. ಅದಕ್ಕೆ ಭಟ್ಕಳಕ್ಕೆ ಒಮ್ಮೆ ಹೋಗಿಬರಬೇಕು, ಮಳೆ ಬಿಡಲಿ.

ಇನ್ನು ಕಾಲೇಜು ಬಿಟ್ಟ ಹೊತ್ತಿನ ಬಸ್ಸು. ಅಲ್ಲಿ ಶಿವನೂ ಇಲ್ಲ, ರಾಮನೂ ಇಲ್ಲ, ಎಲ್ಲ 'ಓ ಮೈ ಗಾಡ್'. ಸೇರಿಸಬೇಕೋ ಬೇಡವೋ ಅಂತ ಯೋಚಿಸಿದೆ. "ಓ ಮೈ ಗಾಡ್, ಬಸ್ ಹೋಯ್ತೇ!" ಅನ್ನುವುದು ಕನ್ನಡದ ಮಾತೇ ಅಲ್ವಾ? ಸೇರಿಸಿದ್ದೇನೆ.