ಕೈ ಎತ್ತಿ ಅಂದ ದಿನ

ಮಕ್ಕಳ ಕೈಲಿ ಹಾಡಿನ ನಾಟಕ ಮಾಡಿಸಿಕೊಂಡು ಊರೂರು ತಿರುಗುವುದು ನನ್ನ ಕೆಲಸ. ಹೋದ ವರ್ಷದ ಪ್ರಯೋಗ ಹತ್ತಿ ಹೊಲದಲ್ಲಿ ದುಡಿಯುವ ಮಕ್ಕಳ ಬಗ್ಗೆ. 40 ನಿಮಿಷ, ಹಾಸ್ಟೆಲಿನ 14 ಮಕ್ಕಳು, ಒಂದು ಹಾರ್ಮೋನಿಯಂ, ಬಾರಿಸುವ ಒಂದು ಹಲಗೆ, ಯಾವಾಗ ಬೇಕಾದರೂ ಕೈಕೊಡುವ ಎರಡು ಕಾಲರ್ ಮೈಕ್.

ಮೊದಲ ಹಾಡು ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೇಲೆ. ವಿಶ್ವಸಂಸ್ಥೆಯಲ್ಲಿ ಆಗಿದ್ದು 1989, ಭಾರತ ಒಪ್ಪಿದ್ದು 1992. ಎರಡೂ ಇಸವಿ ಹಾಡಲ್ಲಿ ಬರಲೇಬೇಕು ಅಂತ ಆಫೀಸಿನ ಹಠ. ಇಸವಿಯನ್ನು ತಾಳಕ್ಕೆ ಕೂರಿಸಿ ನೋಡಿ, ನನ್ನ ಕಷ್ಟ ಗೊತ್ತಾಗುತ್ತೆ.

ಮೂರನೇ ಹಾಡು ಕ್ರಾಸಿಂಗ್, ಅಂದರೆ ಹತ್ತಿ ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸದ ಮೇಲೆ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ಹೈಬ್ರಿಡ್ ಹತ್ತಿ ಬೀಜ ಮಾಡುವವರಿಗೆ ಹೇಳಬೇಕಿಲ್ಲ. ಹಿಂದಿನ ದಿನ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ತಿಕ್ಕಬೇಕು. ಒಂದೊಂದೇ ಹೂವು, ಕೈಯಿಂದಲೇ. ಸಣ್ಣ ಬೆರಳು, ಕಡಿಮೆ ಕೂಲಿ. ಅದಕ್ಕೇ ಮಕ್ಕಳು, ಅದರಲ್ಲೂ ಹುಡುಗಿಯರು ಜಾಸ್ತಿ.

ಜನ ಅಳಲಿ ಅಂತಲೇ ಹಾರ್ಮೋನಿಯಂನ ಕರಿ ಎರಡರ ಶ್ರುತಿಯಲ್ಲಿ ಎಳೆದೆಳೆದು ಕಟ್ಟಿದ ಹಾಡು ಅದು. ರಾಯಚೂರು ಜಿಲ್ಲೆಯ ಆ ಶಾಲೆಯಲ್ಲಿ ಮುಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ನಮ್ಮವರು ಹೂವನ್ನು ಮಲ್ಲಿಗೆ ಬಿಡಿಸಿದಂತೆ ಬಿಡಿಸುತ್ತಿದ್ದರು! ವಿಡಿಯೋ ನೋಡಿ ಕಲಿಸಿದವನು ನಾನೇ. ಹನ್ನೊಂದೋ ಹನ್ನೆರಡೋ ವಯಸ್ಸಿನ ಒಬ್ಬಳು, ‘ಹಂಗ ಕಿತ್ತರ ಕಾಯಿ ನಿಲ್ಲಂಗಿಲ್ರಿ ಸರ’ ಅಂದಳು. ಹೆಬ್ಬೆರಳ ಉಗುರು ಚುಚ್ಚಿ, ಸುತ್ತಲೂ ಒಂದು ತಿರುವು ತಿರುವಿ, ಗಾಳಿಯಲ್ಲೇ ಮಾಡಿ ತೋರಿಸಿದಳು. ಉಗುರಿನ ಸಂದಿಯಲ್ಲಿ ಹಳದಿ ಪುಡಿ ಇನ್ನೂ ಇತ್ತು.

ಅಲ್ಲೇ ನಾಚಿಕೊಂಡು ಸುಮ್ಮನಾಗಬೇಕಿತ್ತು. ನನಗೆ ಆಸೆ ಹುಟ್ಟಿತು. ಪ್ರತಿ ಶೋ ಮುಗಿದ ಮೇಲೆ ‘ಎಷ್ಟು ಮಕ್ಕಳು ಸ್ಪಂದಿಸಿದರು’ ಅಂತ ಫಾರಂ ತುಂಬಬೇಕು, ವಿಡಿಯೋ ಬೇರೆ ಕಳಿಸಬೇಕು. ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು ಬಾಯಿಗೆ ಬಂತು: ‘ಯಾರ್ಯಾರು ಕ್ರಾಸಿಂಗಿಗೆ ಹೋಗ್ತೀರಿ? ಕೈ ಎತ್ತಿ ನೋಡೋಣ.’

ಒಂದು ಕೈ ಎದ್ದಿತು. ಆಮೇಲೆ ಐದು, ಆಮೇಲೆ ಇಪ್ಪತ್ತರ ಮೇಲೆ. ಕ್ಯಾಮೆರಾ ಹುಡುಗನಿಗೆ ಸನ್ನೆ ಮಾಡಿದೆ, ಎಲ್ಲಾ ಮುಖ ಬರಲಿ ಅಂತ. ನಾಟಕ ಗೆದ್ದಿತು ಅಂತಲೇ ಅಂದುಕೊಂಡೆ.

ಬೇವಿನ ಮರದ ಕೆಳಗೆ ಬೈಕಿಗೆ ಒರಗಿ ನಿಂತಿದ್ದ ಗಂಡಸರು ನನಗೆ ಕಂಡಿರಲಿಲ್ಲ. ಮಕ್ಕಳಿಗೆ ಕಂಡಿತು. ಕೈಗಳು ಒಂದೊಂದಾಗಿ ಇಳಿದವು. ಹಿಂದೆ ತಿರುಗಿ ನೋಡದ ಆ ಹುಡುಗಿಯ ಕೈ ಮಾತ್ರ ಮೇಲೇ ಇತ್ತು. ಅವಳಪ್ಪ ಹೆಸರು ಹಿಡಿದು ಕೂಗಿದ. ಅವಳು ಕೈ ಇಳಿಸಿ ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡಳು.

ಮೈಕ್ ಕೆಳಗಿಟ್ಟು ಅವನ ಹತ್ತಿರ ಹೋಗಬಹುದಿತ್ತು. ನಾನು ಮೈಕಿನಲ್ಲೇ ಕಾನೂನು ಹೇಳಲು ಶುರು ಮಾಡಿದೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಅದು ಇದು. ಅವನು ಅಂದ, ‘ಸಾಲಿ ಬಿಟ್ಟ ಮ್ಯಾಲ ನಮ್ಮ ಹೊಲಕ್ಕ ನಮ್ಮ ಹುಡುಗಿ ಬರ್ತಾಳ. ಅದಕ್ಕೂ ಕಾಯ್ದೆ ಐತೇನ್ರಿ?’ ಶಾಲೆ ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ನೆರವಾಗಬಹುದು ಅಂತ ಅದೇ ತಿದ್ದುಪಡಿಯಲ್ಲಿದೆ. ನನಗೆ ಬಾಯಿ ಕಟ್ಟಿತು. ಅರ್ಧ ನಿಮಿಷ ಇರಬಹುದು. ಹೆಡ್ ಮಾಸ್ತರು ನೆಲ ನೋಡುತ್ತಿದ್ದರು.

ಉಳಿಸಿದ್ದು ಮೇಸ್ತ್ರಿ ಪಾತ್ರದ ನಮ್ಮ ಹುಡುಗ. 13 ವರ್ಷ, ಅಂಟಿಸಿದ ಮೀಸೆ ಒಂದು ಕಡೆ ಜೋತಾಡುತ್ತಿತ್ತು. ಮುಂದೆ ಬಂದು, ‘ಕಾಕಾ, ಮೇಸ್ತ್ರಿ ನಾನದೀನ್ರಿ, ನನಗ ಬೈರಿ’ ಅಂದ. ಬೇವಿನ ಮರದ ಕಡೆಯಿಂದಲೇ ನಗು ಬಂತು. ಹಾರ್ಮೋನಿಯಂನವರು ಕ್ಯೂ ಕಾಯದೆ ಕೊನೆಯ ಹಾಡು ಎತ್ತಿಕೊಂಡರು.

ಆ ಹುಡುಗಿ ಮುಂದಿನ ಎರಡು ದಿನ ಶಾಲೆಗೆ ಬರಲಿಲ್ಲವಂತೆ. ಹೆಡ್ ಮಾಸ್ತರು ಫೋನಿನಲ್ಲಿ ಹೇಳಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಬಂದಳಂತೆ.

ವಿಡಿಯೋ ಅಳಿಸಿದೆ. ಅದಕ್ಕೆ ಆಫೀಸಿನಲ್ಲಿ ವಿವರಣೆ ಬರೆದುಕೊಡಬೇಕಾಯಿತು. ಈಗ ಶೋ ಮುಗಿದ ಮೇಲೆ ಯಾರಿಗೂ ಏನೂ ಕೇಳುವುದಿಲ್ಲ. 1098 ಸಹಾಯವಾಣಿಯ ನಂಬರನ್ನು ಕೊನೆಯ ಹಾಡಿನ ಪಲ್ಲವಿಗೇ ಹಾಕಿದ್ದೇವೆ. ಇಸವಿಗಿಂತ ಅದು ತಾಳಕ್ಕೆ ಚೆನ್ನಾಗಿ ಕೂರುತ್ತೆ. ಕ್ರಾಸಿಂಗ್ ಹಾಡಿನಲ್ಲಿ ನಮ್ಮ ಮಕ್ಕಳು ಈಗ ಉಗುರು ಚುಚ್ಚಿ, ಒಂದು ತಿರುವು ತಿರುವುತ್ತಾರೆ. ಯಾರೂ ನಗುವುದಿಲ್ಲ.

ಫಾರಂ ಮಾತ್ರ ಬದಲಾಗಿಲ್ಲ. ‘ಎಷ್ಟು ಮಕ್ಕಳು ಸ್ಪಂದಿಸಿದರು’ ಅನ್ನುವ ಕಡೆ ‘ಕೇಳಿಲ್ಲ’ ಅಂತ ಬರೆಯುತ್ತೇನೆ. ಪ್ರತಿ ಸಲವೂ ಆಫೀಸಿನಿಂದ ಫೋನ್ ಬರುತ್ತೆ.