ಅಜ್ಜ ಹೇಳಿದ್ದು ಕನ್ನಡ ನೋಟ್ಸಲ್ಲೇ ಉಳೀತು

ಹೋದ ವರ್ಷ ಒಂಬತ್ತನೇ ಕ್ಲಾಸಿಗೆ ಪ್ರಾಜೆಕ್ಟ್ ಮಾಡಿಸಿ, ಎಲ್ಲ ಸಬ್ಜೆಕ್ಟೂ ಸೇರಿರ್ಬೇಕು, ಫೋಟೋ ಗ್ರೂಪಿಗೆ ಹಾಕಿ ಅಂತ ಮೇಲಿಂದ ಬಂತು. ಪೀರಿಯಡ್ ಮಾತ್ರ ಅದೇ ನಲವತ್ತು ನಿಮಿಷ, ಟೈಮ್ ಟೇಬಲ್ ಮುಟ್ಟೋ ಹಾಗಿಲ್ಲ. 'ನಮ್ಮೂರ ಕೆರೆ' ಅಂತ ತಗೊಂಡ್ವಿ. ನಾನು ಗಣಿತದ ಮೇಷ್ಟ್ರು, ನೀರು ಎಷ್ಟಿದೆ ಅನ್ನೋ ಲೆಕ್ಕ ನನ್ನ ಟೀಮಿಗೆ, ನೀರಿನ ಪರೀಕ್ಷೆ ಸೈನ್ಸಿಗೆ, ಕೆರೆ ಕಟ್ಟಿದ ಕಥೆ ಸಮಾಜಕ್ಕೆ, ಹಿರಿಯರ ಸಂದರ್ಶನ ಕನ್ನಡಕ್ಕೆ. ಹಂಚಿದವನು ನಾನೇ.

ಪಹಣಿ ಪ್ರಕಾರ 12 ಎಕರೆ, ಎಕರೆಗೆ 4047 ಚದರ ಮೀಟರ್. ತೂಬಿನ, ಅಂದ್ರೆ ಗದ್ದೆಗೆ ನೀರು ಬಿಡೋ ಕಿಂಡಿಯ, ಕಟ್ಟೆಯಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ರೆ ಆಳ ಮೂರು ಮೀಟರ್. ಗುಣಿಸಿದ್ರೆ ಹದಿನಾಲ್ಕೂವರೆ ಕೋಟಿ ಲೀಟರ್. ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆಸ್ದೆ.

ಪ್ರದರ್ಶನದ ದಿನ ಶಾಲಾ ಸಮಿತಿ ಎಸ್‌ಡಿಎಂಸಿಯವ್ರು, ಪಂಚಾಯ್ತಿ ಅಧಿಕಾರಿ ಪಿಡಿಒ, ಊರಿನವ್ರು ಎಲ್ಲ ಬಂದಿದ್ರು. ಕೆರೆ ನೀರು ಬಿಡೋ ನೀರುಗಂಟಿ ಅಜ್ಜ ಚಾರ್ಟ್ ಮುಂದೆ ನಿಂತು ಓದಿಸ್ಕೊಂಡು, "ತೂಬಿನ ಹತ್ರ ಆಳ ಸರಿ ಮೇಷ್ಟ್ರೇ, ಆ ಕಡೆ ಅಂಚಲ್ಲಿ ಮೊಣಕಾಲುದ್ದಾನೂ ಇಲ್ವಲ್ಲ, ತೂಬಿಗಿಂತ ಕೆಳಗಿರೋ ನೀರು ಗದ್ದೆಗೆ ಹತ್ತೋದೂ ಇಲ್ಲ" ಅಂದ್ರು. ಎಲ್ಲರೂ ನನ್ನ ಕಡೆ ನೋಡಿದ್ರು. ಅಜ್ಜ ಹೇಳ್ತಿರೋದು ನಿಜ ಅಂತ ಆ ಕ್ಷಣಕ್ಕೇ ಗೊತ್ತಾಯ್ತು, ಆದ್ರೂ ನಾನು ಮಕ್ಕಳಿಗೆ ಇಷ್ಟು ಲೆಕ್ಕ ಸಾಕು, ಇದು ಅಂದಾಜು ಅಂತೆಲ್ಲ ಜೋರಾಗಿ ಮಾತಾಡ್ತಾ ಹೋದೆ. ಆಗ ಕನ್ನಡ ಟೀಮಿನ ಹುಡುಗಿ ಎದ್ದು ನಿಂತು, "ಸರ್, ಅಜ್ಜ ನಮಗೆ ಇದನ್ನ ಹೇಳಿದ್ರು, ನೋಟ್ಸಲ್ಲಿ ಬರ್ಕೊಂಡಿದೀನಿ" ಅಂತ ಪುಸ್ತಕ ಮುಂದೆ ಹಿಡಿದ್ಲು. "ಅದು ಕನ್ನಡದ್ದು, ಕೂತ್ಕೋ" ಅಂದುಬಿಟ್ಟೆ. ಕೂತ್ಲು. ಪುಸ್ತಕ ಮುಚ್ಚಿದ ಸದ್ದು ಕೂಡ ಕೇಳಿಸ್ತು ನನಗೆ.

ಶಂಕುವಿನ ಘನಫಲ ಸಿಲಿಂಡರಿನ ಮೂರನೇ ಒಂದು ಭಾಗ ಅಂತ ಅದೇ ಕ್ಲಾಸಿಗೆ ಪಾಠ ಮಾಡೋನು ನಾನೇ, ಬಾಣಲೆ ಥರ ಇರೋ ಕೆರೇನ ಪೆಟ್ಟಿಗೆ ಅಂತ ಲೆಕ್ಕ ಹಾಕಿಸಿದ್ದೂ ನಾನೇ. ಸಂದರ್ಶನ ಮೊದಲು ಮಾಡಿಸಿ, ಅದನ್ನ ಓದಿ ಆಮೇಲೆ ಅಳತೆಗೆ ಹೋಗಿದ್ರೆ ಮುಗೀತಿತ್ತು. ನಾಲ್ಕು ಟೀಮು ನಾಲ್ಕು ಮೂಲೇಲಿ ಕೂತು ಮಾಡಿದ್ದನ್ನ ಒಂದೇ ಚಾರ್ಟಿಗೆ ಅಂಟಿಸಿ ಸಬ್ಜೆಕ್ಟ್ ಸೇರಿಸಿದ್ವಿ ಅಂದ್ಕೊಂಡ್ವಿ. ಫೋಟೋ ಚೆನ್ನಾಗಿ ಬಂದಿತ್ತು, ಮೇಲಿನವ್ರು ಯಾರೂ ಲೆಕ್ಕ ಕೇಳಲೇ ಇಲ್ಲ.

ಮಾರ್ಚಲ್ಲಿ ನೀರು ಇಳಿದ್ಮೇಲೆ ಟೀಮುಗಳನ್ನ ಕಲಸಿ ಮತ್ತೆ ಹೋದ್ವಿ. ಗಾರೆ ಕೆಲಸದವ್ರ ನೀರಿನ ಪೈಪಲ್ಲಿ ಮಟ್ಟ ಹಿಡಿದು, ಎಲ್ಲೆಲ್ಲಿ ಹೂಳು ಜಾಸ್ತಿ ಅಂತ ಅಜ್ಜನ್ನ ಕೇಳ್ತಾ ಇಪ್ಪತ್ತು ಜಾಗದಲ್ಲಿ ಆಳ ತಗೊಂಡ್ರು. ಸರಾಸರಿ 1.1 ಮೀಟರ್, ಅಂದ್ರೆ ಐದು ಕೋಟಿ ಚಿಲ್ಲರೆ ಲೀಟರ್, ಅದ್ರಲ್ಲಿ ತೂಬಿನ ಕೆಳಗಿಂದು ಬೇರೆ ಕಳೀಬೇಕು. ಹೊಸ ಚಾರ್ಟ್ ಬರೆದಿದ್ದು ಆ ಹುಡುಗೀನೇ.

ಅವಳ ಹತ್ರ ಕ್ಷಮೆ ಕೇಳಿದೀನಿ, ಸ್ಟಾಫ್ ರೂಮಿನ ಬಾಗಿಲ ಹತ್ರ ನಿಂತು. ಕೂತ್ಕೋ ಅಂದಿದ್ದು ಊರವ್ರ ಮುಂದೆ.