ಗಂಟು ಹಾಕಿದ ಹಗ್ಗ

ಇಂದು ಬೆಳಗ್ಗೆ ಮಂಡ್ಯದ ಸಮೀಪದ ನಮ್ಮೂರಿಗೆ ಹೋದಾಗ, ಗದ್ದೆಬಯಲಿಗೆ ನೀರು ತರುವ ಕಿರುಗಾಲುವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹೂಳೆತ್ತುತ್ತಿದ್ದರು. ಅವರ ನಡುವೆ ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು, ಅಲ್ಲಲ್ಲಿ ಗಂಟು ಹಾಕಿದ ಹಳೆಯ ಹಗ್ಗವೊಂದನ್ನು ಹಿಡಿದು ಓಡಾಡುತ್ತಿದ್ದವರು ಊರಿನ ಯಜಮಾನರು.

ಒಂದು ಗಂಟಿನಿಂದ ಇನ್ನೊಂದು ಗಂಟಿನವರೆಗಿನ ಕಾಲುವೆ ಒಂದು ಮನೆಯ ಪಾಲು. ಜಮೀನು ಹೆಚ್ಚಿದ್ದವರಿಗೆ ಎರಡು ಪಾಲು. ಕೊನೆಯ ಗದ್ದೆಯ ಒಂಟಿ ಅಜ್ಜಿಯ ಪಾಲನ್ನು ಯಜಮಾನರು ಯಾರಿಗೂ ಹೇಳದೆ ತಮ್ಮ ಲೆಕ್ಕಕ್ಕೆ ಹಾಕಿಕೊಂಡಿದ್ದರು. ಕೇಳಿದ್ದಕ್ಕೆ, “ಕೊನೆ ಗದ್ದೆಗೆ ನೀರು ಹೋಗ್ನಿಲ್ಲ ಅಂದ್ರೆ ಕಾಲ್ವೆ ಇದ್ದು ಏನ್ ಬಂತು, ಹೇಳಪ್ಪ?” ಎಂದರು.

ಮಂಡ್ಯದ ಹಸಿರಿನ ಮಾತು ಬಂದಾಗ ನಾವು ನಾಲ್ವಡಿ ಕೃಷ್ಣರಾಜ ಒಡೆಯರನ್ನು, ವಿಶ್ವೇಶ್ವರಯ್ಯನವರನ್ನು, 1933ರಲ್ಲಿ ಇಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಲು ದುಡಿದ ಕೆನಡಾದ ಲೆಸ್ಲಿ ಕೋಲ್ಮನ್ನರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟ ಗರಿಷ್ಠ 124.80 ಅಡಿ ಮುಟ್ಟಿತೇ ಎಂದು ಪ್ರತಿ ಮಳೆಗಾಲದಲ್ಲೂ ಪತ್ರಿಕೆ ತೆರೆಯುತ್ತೇವೆ. ಆದರೆ ಹುಲಿಕೆರೆ ಸುರಂಗ ದಾಟಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಅಷ್ಟು ದೂರ ಹರಿದು ಬಂದ ನೀರು ಕಡೆಯ ಅರ್ಧ ಮೈಲಿಯಲ್ಲಿ ಜೊಂಡಿಗೆ ಸಿಕ್ಕಿ ನಿಂತುಬಿಡುವುದನ್ನು ತಪ್ಪಿಸುವವರು ಇಂಥವರೇ, ಮತ್ತು ಇವರ ಚಿತ್ರವಿರುವ ಫ್ಲೆಕ್ಸನ್ನು ನಾನು ಯಾವ ವೃತ್ತದಲ್ಲಿಯೂ ಕಂಡಿಲ್ಲ.

ನನ್ನ ಶೂಗಳನ್ನೊಮ್ಮೆ ನೋಡಿ ಯಜಮಾನರು ಏನನ್ನೂ ಹೇಳದೆ ಹಗ್ಗದ ತುದಿಯನ್ನು ನನ್ನ ಕೈಗಿತ್ತರು. ಮಜ್ಜಿಗೆ ಬರುವ ಹೊತ್ತಿಗೆ ನನ್ನ ಪಾಲಿನಲ್ಲಿ ಅರ್ಧವಷ್ಟೇ ಮುಗಿದಿತ್ತು.